ಬಾಗಿಲು ತಟ್ಟದೆ ಬರುವವರು

1828ರ ಫೆಬ್ರುವರಿ 19. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ 26ರ ಹರೆಯದ ಸದಸ್ಯನೊಬ್ಬ ಮಾತಾಡಲು ಎದ್ದ. ಏನು ಹೇಳಿದನೋ, ಗ್ಯಾಲರಿಯಲ್ಲಿ ಕೂತ ವರದಿಗಾರರಿಗೆ ಸರಿಯಾಗಿ ಕೇಳಿಸಲೇ ಇಲ್ಲ. ದನಿ ತೀರಾ ಸಣ್ಣದಾಗಿತ್ತು ಎಂದು ಕಲಾಪದ ವರದಿಯಲ್ಲೇ ನಮೂದಾಗಿದೆ. ಹೆಸರು ಆಂಟನಿ ಆ್ಯಶ್ಲಿ ಕೂಪರ್. ಶಾಫ್ಟ್ಸ್‌ಬರಿಯ ಅರ್ಲ್ ಮನೆತನದ ಹಿರಿಯ ಮಗ. ಅಪ್ಪ ಬದುಕಿರುವವರೆಗೆ ಲಾರ್ಡ್ ಆ್ಯಶ್ಲಿ ಎಂದೇ ಕರೆಸಿಕೊಂಡವನು. ಆತ ಅಂದು ಅನುಮೋದಿಸಿದ್ದು ರಾಬರ್ಟ್ ಗಾರ್ಡನ್ ಎಂಬ ಸದಸ್ಯ ಮಂಡಿಸಿದ ಪ್ರಸ್ತಾವವನ್ನು. ವಿಷಯ ಹುಚ್ಚಾಸ್ಪತ್ರೆಗಳದ್ದು.

ವೋಟು ತರುವ ವಿಷಯವಲ್ಲ ಅದು. ಮಂತ್ರಿ ಪದವಿಗೆ ಮೆಟ್ಟಿಲಾಗುವ ವಿಷಯವೂ ಅಲ್ಲ. ಆ ವರ್ಷವಷ್ಟೇ ಆ್ಯಶ್ಲಿಗೆ ಸರ್ಕಾರದಲ್ಲಿ ಒಂದು ಸಣ್ಣ ಹುದ್ದೆ ಸಿಕ್ಕಿತ್ತು: ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡುವ ಬೋರ್ಡ್ ಆಫ್ ಕಂಟ್ರೋಲ್‌ನಲ್ಲಿ. ಅಲ್ಲೇ ಜಾಣತನದಿಂದ ನಡೆದುಕೊಂಡಿದ್ದರೆ ಆತ ಇನ್ನೂ ಮೇಲೇರಬಹುದಿತ್ತು. ಆದರೆ ಹಿಂದಿನ ವರ್ಷ ಗಾರ್ಡನ್ನನ ವಿಚಾರಣಾ ಸಮಿತಿಯಲ್ಲಿ ಸದಸ್ಯನಾಗಿ ಕೂತು ಕೇಳಿದ ಸಾಕ್ಷ್ಯಗಳು ಅವನ ಮನಸ್ಸಿನಿಂದ ಇಳಿಯಲಿಲ್ಲ. ಅಲ್ಲಿಂದ ಮುಂದಿನ 57 ವರ್ಷ, ಸಾಯುವ ತನಕ, ಆತ ಈ ಒಂದು ಕೆಲಸವನ್ನು ಬಿಡಲಿಲ್ಲ. ಕಾರ್ಖಾನೆ ಮಕ್ಕಳ ಕೆಲಸದ ಗಂಟೆ ಇಳಿಸಿದವನು, ಗಣಿಯೊಳಗಿಂದ ಹೆಂಗಸರನ್ನೂ ಮಕ್ಕಳನ್ನೂ ಹೊರತಂದವನು ಎಂದು ಇತಿಹಾಸದ ಪಠ್ಯಗಳು ಅವನನ್ನು ಹೊಗಳುತ್ತವೆ. ಅವೆಲ್ಲ ಕಾಲಕಾಲಕ್ಕೆ ನಡೆದ ಹೋರಾಟಗಳು. ಹುಚ್ಚಾಸ್ಪತ್ರೆಯದು ಮಾತ್ರ ಜೀವಮಾನದ ನೌಕರಿ, ಅದೂ ಸಂಬಳವಿಲ್ಲದ್ದು.

ಆ ಸಮಿತಿ ಕೇಳಿದ್ದೇನು? ಲಂಡನ್ನಿನ ಪೂರ್ವಕ್ಕೆ ಬೆತ್ನಲ್ ಗ್ರೀನ್‌ನಲ್ಲಿ ವಾರ್ಬರ್ಟನ್ ಎಂಬ ಮಾಲೀಕನ ಖಾಸಗಿ ಹುಚ್ಚಾಸ್ಪತ್ರೆಗಳಿದ್ದವು, ವೈಟ್ ಹೌಸ್, ರೆಡ್ ಹೌಸ್ ಎಂದು. ಬಡ ರೋಗಿಗಳನ್ನು ನೋಡಿಕೊಳ್ಳುವ ಹೊಣೆ ಆಯಾ ಪ್ಯಾರಿಷ್ಷಿನದು, ಅಂದರೆ ಚರ್ಚಿನ ಸುತ್ತಲಿನ ಸ್ಥಳೀಯ ಆಡಳಿತದ್ದು. ಲಂಡನ್ನಿನ ಸಿರಿವಂತ ಪ್ಯಾರಿಷ್‌ಗಳು ತಲೆಗೆ ವಾರಕ್ಕಿಷ್ಟು ಎಂದು ದರ ಗೊತ್ತುಮಾಡಿ ತಮ್ಮ ಹುಚ್ಚರನ್ನು ವಾರ್ಬರ್ಟನ್ನನಿಗೆ ಒಪ್ಪಿಸಿಬಿಡುತ್ತಿದ್ದವು. ಕೊಟ್ಟ ದುಡ್ಡಿನಲ್ಲಿ ಎಷ್ಟು ಉಳಿಸಿದರೆ ಅಷ್ಟು ಅವನ ಲಾಭ. ಆಳುಗಳನ್ನು ಕಡಿಮೆ ಇಟ್ಟುಕೊಳ್ಳುವುದೇ ಉಳಿತಾಯದ ಸುಲಭ ದಾರಿ, ಆಳು ಕಡಿಮೆಯಾದಷ್ಟೂ ಸರಪಳಿ ಹೆಚ್ಚು. ಹಾಸಿಗೆ ಒದ್ದೆಮಾಡಿಕೊಳ್ಳುವ ರೋಗಿಗಳಿಗೆ ಅಲ್ಲೊಂದು ಪ್ರತ್ಯೇಕ ಕೋಣೆ ಇತ್ತು. ಮರದ ತೊಟ್ಟಿಗಳು, ಅವುಗಳಲ್ಲಿ ಒಣಹುಲ್ಲು. ಶನಿವಾರ ಮಧ್ಯಾಹ್ನ ರೋಗಿಗಳನ್ನು ಬೆತ್ತಲೆಯಾಗಿ ಅದರಲ್ಲಿ ಮಲಗಿಸಿ, ಕೈಕಾಲು ಸರಪಳಿಗೆ ಬಿಗಿದು, ಮೇಲೊಂದು ಕಂಬಳಿ ಹೊದಿಸಿದರೆ ಮುಗಿಯಿತು. ಸೋಮವಾರ ಬೆಳಿಗ್ಗೆಯವರೆಗೆ ಬಿಚ್ಚುವವರಿಲ್ಲ. ಭಾನುವಾರ ಕಾವಲುಗಾರರಿಗೆ ಬಿಡುವು ಬೇಕಲ್ಲ! ಸೋಮವಾರ ಅಂಗಳಕ್ಕೆ ಎಳೆತಂದು ತಣ್ಣೀರಿನಲ್ಲಿ ತೊಳೆಯುವುದು. ಚಳಿಗಾಲದ ಲಂಡನ್ನಿನಲ್ಲೂ ಅದೇ ಕ್ರಮ. ನೂರೈವತ್ತಕ್ಕೂ ಹೆಚ್ಚು ಜನಕ್ಕೆ ಒಂದೇ ಟವೆಲ್ಲು.

ಇದು ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. 1774ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರಂತೆ ಲಂಡನ್ ಸುತ್ತಿನ ಖಾಸಗಿ ಹುಚ್ಚಾಸ್ಪತ್ರೆಗಳನ್ನು ವೈದ್ಯರ ಕಾಲೇಜು ನೇಮಿಸಿದ ಐವರು ನೋಡಿ ಬರಬೇಕು. ನೋಡಿ ಬಂದು ಏನು ಮಾಡಬೇಕು? ತಪ್ಪು ಮಾಡಿದ ಮಾಲೀಕನ ಹೆಸರನ್ನು ಕಾಲೇಜಿನ ಗೋಡೆಗೆ ತೂಗುಹಾಕಬೇಕು. ಅಷ್ಟೇ. ಲೈಸೆನ್ಸ್ ರದ್ದು ಮಾಡುವ ಅಧಿಕಾರವೂ ಅವರಿಗಿರಲಿಲ್ಲ. 1814ರಲ್ಲಿ ಲಂಡನ್ನಿನ ಬೆತ್ಲೆಮ್ ಹುಚ್ಚಾಸ್ಪತ್ರೆಯಲ್ಲಿ ನಾರಿಸ್ ಎಂಬ ರೋಗಿಯನ್ನು ಎಡ್ವರ್ಡ್ ವೇಕ್‌ಫೀಲ್ಡ್ ಎಂಬ ಸಮಾಜಸೇವಕ ಕಂಡ. ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಎದೆಗೆ ಕಬ್ಬಿಣದ ಕವಚ, ಎರಡನ್ನೂ ನೆಟ್ಟನೆ ನಿಂತ ಕಂಬಕ್ಕೆ ಸೇರಿಸಿದ ಸರಪಳಿ. ಮನುಷ್ಯ ಹಾಗೆಯೇ ಹತ್ತು ವರ್ಷದಷ್ಟು ಕಾಲ ಕಳೆದಿದ್ದ. ಚಿತ್ರ ಬರೆಸಿ ಹಂಚಿದರು, ಊರೆಲ್ಲ ಗುಲ್ಲಾಯಿತು, ಪಾರ್ಲಿಮೆಂಟಿನ ಸಮಿತಿ ಕೂತಿತು, ಮಸೂದೆಗಳು ತಯಾರಾದವು. ಕಾಮನ್ಸ್ ಸಭೆ ಒಪ್ಪಿ ಕಳಿಸಿದ್ದನ್ನು ಲಾರ್ಡ್ಸ್ ಸಭೆ 1816ರಿಂದ 1819ರ ನಡುವೆ ಮೂರು ಸಲ ತಳ್ಳಿಹಾಕಿತು. ಹುಚ್ಚರ ವಿಷಯದಲ್ಲಿ ಅತಿ ಮಾನವೀಯತೆ ತೋರುವುದೇ ದೊಡ್ಡ ಹುಸಿ ಮಾನವೀಯತೆ ಎಂಬುದು ಆಗಿನ ಲಾರ್ಡ್ ಛಾನ್ಸಲರ್ ಎಲ್ಡನ್ನನ ನಿಲುವು. ಸ್ವತಃ ದೊರೆ ಮೂರನೆಯ ಜಾರ್ಜ್ ಬುದ್ಧಿಭ್ರಮಣೆಯಾಗಿ ವಿಂಡ್ಸರ್ ಅರಮನೆಯಲ್ಲಿ ದಿನ ದೂಡುತ್ತಿದ್ದ ಕಾಲವದು!

ಹೀಗಾಗಿ 1828ರಲ್ಲಿ ಗಾರ್ಡನ್ ಮತ್ತು ಆ್ಯಶ್ಲಿ ಪಾಸು ಮಾಡಿಸಿದ್ದು ಸಣ್ಣ ಕಾಯ್ದೆಯಾದರೂ ಸಣ್ಣ ಗೆಲುವಲ್ಲ. ವೈದ್ಯರ ಕಾಲೇಜಿನ ಐವರು ಹೋಗಿ, ಗೃಹಮಂತ್ರಿ ನೇಮಿಸುವ ಕಮಿಷನರುಗಳು ಬಂದರು. ಲೈಸೆನ್ಸ್ ಕೊಡುವುದೂ ಕೊಡದಿರುವುದೂ ಅವರ ಕೈಯಲ್ಲಿ. ಅವರ ವ್ಯಾಪ್ತಿ ಲಂಡನ್ನಿನ ಸುತ್ತ ಏಳು ಮೈಲಿ ಮಾತ್ರ. ಆ್ಯಶ್ಲಿ ಮೊದಲ ದಿನದಿಂದ ಕಮಿಷನರ್. 1830ರ ದಶಕ ಅರ್ಧ ಕಳೆಯುವುದರೊಳಗೆ ಅಧ್ಯಕ್ಷ. ಗುಮಾಸ್ತರು ಬರೆದದ್ದಕ್ಕೆ ರುಜು ಹಾಕಿ ಸುಮ್ಮನಿರುವ ಅಧ್ಯಕ್ಷನಲ್ಲ. ಮೆಟ್ಟಿಲು ಹತ್ತಿ, ಬೀಗ ತೆಗೆಸಿ, ನಾತ ಸಹಿಸಿ ತಾನೇ ನೋಡಿ ಬರುತ್ತಿದ್ದ.

ಈ ಹಟ ಎಲ್ಲಿಂದ ಬಂತು ಎಂದು ಅವನ ಜೀವನಚರಿತ್ರೆ ಬರೆದವರೆಲ್ಲ ಕೆದಕಿದ್ದಾರೆ. ಅಪ್ಪ ಅಮ್ಮನ ಪ್ರೀತಿ ಕಾಣದ ಬಾಲ್ಯ. ಮನೆ ನೋಡಿಕೊಳ್ಳುತ್ತಿದ್ದ ಮರಿಯಾ ಮಿಲ್ಲಿಸ್ ಎಂಬ ಹೆಂಗಸೊಬ್ಬಳೇ ಅವನಿಗೆ ಪ್ರಾರ್ಥನೆ ಕಲಿಸಿದವಳು, ಮುದ್ದು ಮಾಡಿದವಳು. ಸಾಯುವಾಗ ಆಕೆ ಬಿಟ್ಟುಹೋದ ಗಡಿಯಾರವನ್ನು ಆತ ಕೊನೆಯವರೆಗೂ ಇಟ್ಟುಕೊಂಡಿದ್ದ. ದಿನಚರಿಯ ತುಂಬ ಖಿನ್ನತೆ, ಆತ್ಮನಿಂದೆ, ದೇವರ ಮುಂದೆ ಗೋಳು. ಹುಚ್ಚಾಸ್ಪತ್ರೆ ಸುಧಾರಿಸಲು ಹೊರಡದಿದ್ದರೆ ಈ ಮನುಷ್ಯನೇ ಹುಚ್ಚಾಸ್ಪತ್ರೆಯಲ್ಲಿರುತ್ತಿದ್ದ ಎಂದು ಫ್ಲಾರೆನ್ಸ್ ನೈಟಿಂಗೇಲ್ ಹೇಳಿದಳೆಂಬ ಮಾತೊಂದಿದೆ. ಆಕೆಯ ನಾಲಿಗೆ ಹರಿತ ಎಂದು ಗೊತ್ತಿದ್ದವರು ನಂಬುತ್ತಾರೆ. ಇಷ್ಟಾದರೂ ಆತ ಇಂದಿನ ಅರ್ಥದಲ್ಲಿ ಪ್ರಗತಿಪರನಲ್ಲ. ಪಕ್ಕಾ ಕನ್ಸರ್ವೇಟಿವ್. ಸಾಮಾನ್ಯ ಜನಕ್ಕೆ ಮತದಾನದ ಹಕ್ಕು ವಿಸ್ತರಿಸುವುದೆಂದರೆ ಅವನಿಗೆ ಆಗದು. ಬಡವರನ್ನು, ದುರ್ಬಲರನ್ನು ದೊಡ್ಡವರು ಕಾಪಾಡಬೇಕು. ಅವರೇ ಎದ್ದು ನಿಂತು ಕೇಳುವುದು ಬೇಡ. ಈ ನಂಬಿಕೆ ಅವನ ಕಾಯ್ದೆಯ ಬಲವೂ ಹೌದು, ಕುಂದೂ ಹೌದು.

1842ರಲ್ಲಿ ಕಮಿಷನ್ನಿಗೆ ಮೂರು ವರ್ಷದ ಮಟ್ಟಿಗೆ ಇಡೀ ಇಂಗ್ಲೆಂಡ್ ಮತ್ತು ವೇಲ್ಸ್ ಸುತ್ತುವ ಅಧಿಕಾರ ಸಿಕ್ಕಿತು. ಒಬ್ಬ ವೈದ್ಯ, ಒಬ್ಬ ವಕೀಲ, ಹೀಗೆ ಜೋಡಿಯಾಗಿ ಹೊರಟರು. ರೈಲು ಇನ್ನೂ ಎಲ್ಲ ಕಡೆ ಬಂದಿರಲಿಲ್ಲ; ಕುದುರೆ ಗಾಡಿಯಲ್ಲಿ ಊರೂರು ಅಲೆದರು. 1844ರಲ್ಲಿ ಹೊರಬಿದ್ದ ವರದಿ ಇಂದು ಓದಿದರೂ ಮೈ ಜುಮ್ಮೆನ್ನಿಸುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹುಚ್ಚರೆಂದು ಲೆಕ್ಕಕ್ಕೆ ಬಂದರು, ಅವರಲ್ಲಿ ಬಹುಪಾಲು ಬಡವರು. ಎಷ್ಟೋ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಅವರಿಗೆಂದು ಒಂದು ಕೋಣೆಯೂ ಇರಲಿಲ್ಲ. ಬಡವರ ಗಂಜಿಮನೆಗಳಲ್ಲಿ, ನೆಂಟರ ಹಿತ್ತಿಲುಗಳಲ್ಲಿ ಬಿದ್ದಿದ್ದರು. ವೇಲ್ಸಿನ ಹೇವರ್‌ಫರ್ಡ್‌ವೆಸ್ಟ್‌ನಲ್ಲಿ ಹಳೆಯ ಜೈಲನ್ನೇ ಆಸ್ಪತ್ರೆಯೆಂದು ಕರೆದು ಕೈತೊಳೆದುಕೊಂಡಿದ್ದರು.

ಅದೇ ವರದಿಯ ಇನ್ನೊಂದು ಮಗ್ಗುಲಲ್ಲಿ ಬೇರೆಯದೇ ಚಿತ್ರ. ಲಿಂಕನ್ ಆಸ್ಪತ್ರೆಯಲ್ಲಿ ಚಾರ್ಲ್ಸ್‌ವರ್ತ್ ಎಂಬ ಹಿರಿಯ ವೈದ್ಯ, ಗಾರ್ಡಿನರ್ ಹಿಲ್ ಎಂಬ ಎಳೆಯ ಸರ್ಜನ್ ಸೇರಿ 1838ರ ಹೊತ್ತಿಗೆ ಕಟ್ಟಿಹಾಕುವುದನ್ನೇ ಬಿಟ್ಟಿದ್ದರು. ಮರುವರ್ಷ ಲಂಡನ್ ಹೊರವಲಯದ ಹ್ಯಾನ್‌ವೆಲ್‌ಗೆ ಬಂದ ಜಾನ್ ಕೊನೊಲಿ ಎಂಟುನೂರರಷ್ಟು ರೋಗಿಗಳಿದ್ದ ದೊಡ್ಡ ಆಸ್ಪತ್ರೆಯಲ್ಲೂ ಅದು ಸಾಧ್ಯ ಎಂದು ಮಾಡಿ ತೋರಿಸಿದ. ಸರಪಳಿ, ಕೈಕೋಳ, ಚರ್ಮದ ಪಟ್ಟಿ ಎಲ್ಲ ಉಗ್ರಾಣ ಸೇರಿದವು. ಬದಲಿಗೆ ಹೆಚ್ಚು ಆಳುಗಳು, ತೋಟದ ಕೆಲಸ, ರೇಗಿದವರಿಗೆ ಸ್ವಲ್ಪ ಹೊತ್ತು ಮೆತ್ತೆ ಹಾಕಿದ ಕೋಣೆ. ಕಮಿಷನ್ನಿನ ಒಳಗೇ ಇದರ ಬಗ್ಗೆ ಒಮ್ಮತವಿರಲಿಲ್ಲ. ಹಲವರಿಗೆ ಇದು ಅತಿಯೆನ್ನಿಸಿತು. ಆ್ಯಶ್ಲಿ ಮಾತ್ರ ಹ್ಯಾನ್‌ವೆಲ್ ಕಣ್ಣಾರೆ ಕಂಡು ಬಂದು ಕಾಮನ್ಸ್ ಸಭೆಯಲ್ಲಿ ಅದನ್ನು ಕೊಂಡಾಡಿದ.

1844ರ ಜುಲೈ 23ರಂದು ವರದಿ ಹಿಡಿದು ಸಭೆಯಲ್ಲಿ ಮಾತಾಡಿದ ಆ್ಯಶ್ಲಿಯ ದನಿ ಎಲ್ಲರಿಗೂ ಕೇಳಿಸಿತು. ಮರುವರ್ಷ ಜೂನ್ 6ರಂದು ಎರಡು ಮಸೂದೆ ಮಂಡಿಸಿದ. ಎದುರು ಮಾತಾಡಿದವರಿದ್ದರು. ಲ್ಯಾನ್ಸೆಟ್ ಪತ್ರಿಕೆಯ ಸ್ಥಾಪಕ, ಸಭೆಯ ಸದಸ್ಯನೂ ಆಗಿದ್ದ ಥಾಮಸ್ ವಾಕ್ಲಿಗೆ ವೈದ್ಯರ ಸಂಖ್ಯೆ ಸಾಲದು ಎಂಬ ಸಿಟ್ಟು. ಆದರೂ ಆಗಸ್ಟ್ ಹೊತ್ತಿಗೆ ಎರಡೂ ಕಾಯ್ದೆಯಾದವು. ಒಂದರ ಪ್ರಕಾರ ಪ್ರತಿ ಕೌಂಟಿಯೂ ತನ್ನ ಬಡ ರೋಗಿಗಳಿಗೆ ಆಸ್ಪತ್ರೆ ಕಟ್ಟಿಸಲೇಬೇಕು. ಮುಂಚೆ ಅದು ಇಷ್ಟವಿದ್ದವರ ಪಾಲಿನ ಕೆಲಸವಾಗಿತ್ತು. ಇನ್ನೊಂದು, ಇಡೀ ದೇಶಕ್ಕೆ ಕಾಯಂ ಲ್ಯೂನಸಿ ಕಮಿಷನ್ ಸ್ಥಾಪಿಸಿತು: ಹನ್ನೊಂದು ಜನ, ಮೂವರು ವೈದ್ಯರು, ಮೂವರು ವಕೀಲರಿಗೆ ವರ್ಷಕ್ಕೆ 1,500 ಪೌಂಡ್ ಸಂಬಳ, ಉಳಿದ ಐವರಿಗೆ ಏನೂ ಇಲ್ಲ. ಆ ಐವರಲ್ಲಿ ಅಧ್ಯಕ್ಷ ಆ್ಯಶ್ಲಿಯೂ ಒಬ್ಬ.

ಈ ಕಾಯ್ದೆಯ ಜೀವ ಇರುವುದು ಅದರ ಸಣ್ಣ ಸಣ್ಣ ಕಲಮುಗಳಲ್ಲಿ. ಖಾಸಗಿ ರೋಗಿಯನ್ನು ಒಳಸೇರಿಸಲು ಮನೆಯವರೊಬ್ಬರ ಲಿಖಿತ ಅರ್ಜಿ ಬೇಕು, ಇಬ್ಬರು ವೈದ್ಯರ ಸರ್ಟಿಫಿಕೇಟು ಬೇಕು. ಆ ಇಬ್ಬರೂ ಬೇರೆ ಬೇರೆಯಾಗಿ ರೋಗಿಯನ್ನು ನೋಡಿರಬೇಕು, ಪಾಲುದಾರರಾಗಿರಬಾರದು, ಆಸ್ಪತ್ರೆಯ ಲಾಭದಲ್ಲಿ ಅವರಿಗೆ ಕಾಸಿನ ಪಾಲಿರಬಾರದು. ಹುಚ್ಚು ಎಂದು ಬರೆದರಷ್ಟೇ ಸಾಲದು, ತಾನು ಕಂಡದ್ದೇನು ಎಂದು ಬರೆಯಬೇಕು. ನೋಡಿ ಏಳು ದಿನದೊಳಗೆ ಸೇರಿಸಬೇಕು. ಕಾಗದಗಳ ನಕಲು ವಾರದೊಳಗೆ ಲಂಡನ್ನಿನ ಕಮಿಷನ್ ಕಚೇರಿ ತಲುಪಬೇಕು. ಆಸ್ಪತ್ರೆಯಲ್ಲಿ ಪುಸ್ತಕವಿಡಬೇಕು: ಈ ವಾರ ಯಾರನ್ನು ಕಟ್ಟಿಹಾಕಿದಿರಿ, ಯಾರನ್ನು ಒಂಟಿ ಕೋಣೆಯಲ್ಲಿಟ್ಟಿರಿ, ಯಾಕೆ, ಎಷ್ಟು ಹೊತ್ತು. ಕಮಿಷನರುಗಳು ಲಂಡನ್ನಿನ ಖಾಸಗಿ ಆಸ್ಪತ್ರೆಗಳಿಗೆ ವರ್ಷಕ್ಕೆ ನಾಲ್ಕು ಸಲ, ಹೊರಗಿನವಕ್ಕೆ ಎರಡು ಸಲ, ಕೌಂಟಿ ಆಸ್ಪತ್ರೆಗೆ ಒಂದು ಸಲ ಹೋಗಬೇಕು. ಮುನ್ಸೂಚನೆ ಕೊಡಬೇಕಿಲ್ಲ. ಕತ್ತಲಾದ ಮೇಲೂ ಹೋಗಬಹುದು. ಯಾವ ಕೋಣೆಯನ್ನೂ ಯಾವ ರೋಗಿಯನ್ನೂ ಅವರಿಂದ ಮುಚ್ಚಿಟ್ಟರೆ ಅಪರಾಧ.

ಇಷ್ಟೇ ಜನ ಇಷ್ಟೊಂದು ಕಡೆ ಹೋಗಿದ್ದಾದರೂ ಹೇಗೆ ಎಂದು ಆಶ್ಚರ್ಯವಾಗುತ್ತದೆ. ಕಮಿಷನ್ನಿನಲ್ಲಿದ್ದವರೂ ಸ್ವಾರಸ್ಯದ ಜನ. ಬ್ರಯನ್ ಪ್ರಾಕ್ಟರ್ ವೃತ್ತಿಯಲ್ಲಿ ವಕೀಲ, ಬ್ಯಾರಿ ಕಾರ್ನ್‌ವಾಲ್ ಎಂಬ ಹೆಸರಿನಲ್ಲಿ ಕವಿ. ಹುಚ್ಚಾಸ್ಪತ್ರೆಗೆ ತಳ್ಳಲ್ಪಟ್ಟ ಹೆಣ್ಣಿನ ಕಥೆಯಿರುವ ‘ದ ವುಮನ್ ಇನ್ ವೈಟ್’ ಕಾದಂಬರಿಯನ್ನು ವಿಲ್ಕಿ ಕಾಲಿನ್ಸ್ ಅರ್ಪಿಸಿದ್ದು ಈತನಿಗೇ. ಜಾನ್ ಫಾರ್ಸ್ಟರ್, ಮುಂದೆ ಡಿಕನ್ಸ್‌ನ ಜೀವನಚರಿತ್ರೆ ಬರೆದವನು. ಮೊದಲ ಕಾರ್ಯದರ್ಶಿ ರಾಬರ್ಟ್ ಲಟ್‌ವಿಜ್, ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬರೆದ ಲೂಯಿಸ್ ಕ್ಯಾರಲ್‌ನ ಸೋದರಮಾವ. ಈ ಲಟ್‌ವಿಜ್ ಆಮೇಲೆ ಕಮಿಷನರನೂ ಆದ. 1873ರ ಮೇ ತಿಂಗಳಲ್ಲಿ ಸಾಲ್ಸ್‌ಬರಿಯ ಫಿಷರ್ಟನ್ ಹೌಸ್‌ನಲ್ಲಿ ತಪಾಸಣೆ ಮಾಡುತ್ತಿದ್ದಾಗ ರೋಗಿಯೊಬ್ಬ ಮೊಳೆಯಿಂದ ಅವನ ತಲೆಗೆ ತಿವಿದ; ಕೆಲವೇ ದಿನದಲ್ಲಿ ಆತ ತೀರಿಕೊಂಡ. ಮೂವತ್ತು ವರ್ಷ ಸಾವಿರಾರು ರೋಗಿಗಳ ನಡುವೆ ಓಡಾಡಿದ್ದ ಮನುಷ್ಯ. ಆ ಘಟನೆಯ ನಂತರವೂ ತಪಾಸಣೆ ನಿಲ್ಲಲಿಲ್ಲ.

1845ರ ಅದೇ ಬೇಸಿಗೆಯಲ್ಲಿ, ಮಸೂದೆಗಳು ಸಭೆಯ ಮುಂದಿರುವಾಗಲೇ, ಲಂಡನ್ನಿನಲ್ಲಿ ಒಂದು ಸಣ್ಣ ಸಂಘ ಹುಟ್ಟಿತು. ‘ಹುಚ್ಚರೆನಿಸಿಕೊಂಡವರ ಗೆಳೆಯರ ಸಂಘ’ ಎನ್ನಬಹುದಾದ ಹೆಸರು. ಹುಚ್ಚಾಸ್ಪತ್ರೆ ಒಳಗಿದ್ದು ಹೊರಬಂದವರೇ ಅದರ ಮುಂದಾಳುಗಳು. ಅವರಲ್ಲಿ ಮುಖ್ಯ ಜಾನ್ ಪರ್ಸಿವಲ್. ಈತನ ಅಪ್ಪ ಸ್ಪೆನ್ಸರ್ ಪರ್ಸಿವಲ್ ಬ್ರಿಟನ್ನಿನ ಪ್ರಧಾನಿಯಾಗಿದ್ದವನು. 1812ರ ಮೇ 11ರಂದು ಕಾಮನ್ಸ್ ಸಭೆಯ ಮೊಗಸಾಲೆಯಲ್ಲೇ ಬೆಲ್ಲಿಂಗ್‌ಹ್ಯಾಮ್ ಎಂಬಾತ ಅವನನ್ನು ಗುಂಡಿಕ್ಕಿ ಕೊಂದ. ಕೊಂದವನು ಬುದ್ಧಿ ಸ್ವಾಧೀನವಿಲ್ಲದವನು ಎಂಬ ವಾದವನ್ನು ಕೋರ್ಟು ಕಿವಿಗೆ ಹಾಕಿಕೊಳ್ಳದೆ ಒಂದೇ ವಾರದಲ್ಲಿ ನೇಣಿಗೇರಿಸಿತು. ಆಗ ಜಾನ್ ಇನ್ನೂ ಹುಡುಗ. ಬೆಳೆದು ಸೈನ್ಯ ಸೇರಿದ, ಬಿಟ್ಟ, ಧರ್ಮದ ಗುಂಗು ಹಿಡಿಯಿತು, ದೇವರ ದನಿಗಳು ಕೇಳತೊಡಗಿದವು. 1831ರಿಂದ 34ರವರೆಗೆ ಮೊದಲು ಬ್ರಿಸ್ಟಲ್ ಹತ್ತಿರದ ಬ್ರಿಸ್ಲಿಂಗ್ಟನ್ ಹೌಸ್, ಆಮೇಲೆ ಸಸೆಕ್ಸ್‌ನ ಟೈಸ್‌ಹರ್ಸ್ಟ್. ಎರಡೂ ಶ್ರೀಮಂತರ ಆಸ್ಪತ್ರೆಗಳು, ಬೆತ್ನಲ್ ಗ್ರೀನ್‌ನ ಒಣಹುಲ್ಲು ಅಲ್ಲಿರಲಿಲ್ಲ. ಆದರೆ ಕಟ್ಟಿಹಾಕುವುದಿತ್ತು, ತಣ್ಣೀರಲ್ಲಿ ಮುಳುಗಿಸುವುದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವನು ಎದುರಿಗಿದ್ದರೂ ಇಲ್ಲದವನಂತೆ ಮಾತಾಡುವುದಿತ್ತು. ಹೊರಬಂದ ಮೇಲೆ ಎಲ್ಲವನ್ನೂ ಬರೆದು ಎರಡು ಸಂಪುಟ ಪ್ರಕಟಿಸಿದ. ತನಗೆ ಹುಚ್ಚು ಹಿಡಿದಿರಲಿಲ್ಲ ಎಂದು ಅವನು ಎಲ್ಲೂ ವಾದಿಸುವುದಿಲ್ಲ. ಹಿಡಿದಿತ್ತು, ನಿಜ, ಆದರೂ ನನ್ನನ್ನೊಂದು ಮಾತು ಕೇಳಬೇಕಿತ್ತು ಎಂಬುದು ಅವನ ತಕರಾರು.

ಪರ್ಸಿವಲ್ಲನ ಬೇಡಿಕೆಗಳು ಆ್ಯಶ್ಲಿಯ ಕಾಯ್ದೆಯಲ್ಲಿ ಇರಲಿಲ್ಲ. ಒಳಗೆ ಹಾಕುವ ಮುನ್ನ ಮ್ಯಾಜಿಸ್ಟ್ರೇಟ್ ಮುಂದೆ ವಿಚಾರಣೆಯಾಗಬೇಕು. ರೋಗಿ ಬರೆದ ಪತ್ರ ಹೊರಗೆ ಹೋಗಬೇಕು. ಯಾಕೆ ಹಾಕಿದರು, ಯಾರು ಬರೆದುಕೊಟ್ಟರು ಎಂದು ರೋಗಿಗೇ ತಿಳಿಸಬೇಕು. ಕಮಿಷನ್ನಿಗೆ ಈ ಸಂಘದ ಹೆಸರು ಕೇಳಿದರೇ ಆಗುತ್ತಿರಲಿಲ್ಲ. ರೋಗಿಯ ಹಿತ ಕಾಯಲು ತಾವಿದ್ದೇವಲ್ಲ, ಇವರು ಯಾರು? ತನ್ನನ್ನು ರಾಣಿಯ ಸಮಸ್ತ ಹುಚ್ಚರ ಅಟಾರ್ನಿ ಜನರಲ್ ಎಂದು ಕರೆದುಕೊಳ್ಳುತ್ತಿದ್ದ ಪರ್ಸಿವಲ್‌ಗೂ ಆ್ಯಶ್ಲಿಗೂ ಹೊಂದಿಕೆಯಾಗುವುದು ಸಾಧ್ಯವಿರಲಿಲ್ಲ. ಒಬ್ಬ ಹುಚ್ಚಾಸ್ಪತ್ರೆಯನ್ನು ಹೊರಗಿನಿಂದ ಒಳಗೆ ನೋಡಿದವನು, ಇನ್ನೊಬ್ಬ ಒಳಗಿನಿಂದ ಹೊರಗೆ. ಪತ್ರದ ವಿಷಯದಲ್ಲಿ ಮಾತ್ರ ಒಂದಿಷ್ಟು ಜಯ ಸಿಕ್ಕಿತು: ಕಮಿಷನರುಗಳಿಗೆ ರೋಗಿ ಬರೆದ ಪತ್ರವನ್ನು ಒಡೆಯದೆ ಕಳಿಸಬೇಕೆಂದು 1862ರ ತಿದ್ದುಪಡಿ ಹೇಳಿತು.

1851ರಲ್ಲಿ ಅಪ್ಪ ತೀರಿಕೊಂಡು ಆ್ಯಶ್ಲಿ ಏಳನೆಯ ಅರ್ಲ್ ಆಫ್ ಶಾಫ್ಟ್ಸ್‌ಬರಿಯಾದ, ಲಾರ್ಡ್ಸ್ ಸಭೆಗೆ ಹೋದ. ಅದೇ ವರ್ಷ ಲಂಡನ್ನಿನ ಉತ್ತರಕ್ಕೆ ಕಾಲ್ನಿ ಹ್ಯಾಚ್ ಆಸ್ಪತ್ರೆ ಬಾಗಿಲು ತೆರೆಯಿತು. ಅಡಿಗಲ್ಲು ಹಾಕಿದ್ದು ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್. ಸಾವಿರದ ಇನ್ನೂರೈವತ್ತು ರೋಗಿಗಳಿಗೆಂದು ಕಟ್ಟಿದ್ದು. ಮೊಗಸಾಲೆಗಳನ್ನು ಒಂದಕ್ಕೊಂದು ಜೋಡಿಸಿದರೆ ಆರು ಮೈಲಿ ಮೀರುತ್ತಿತ್ತು. ನೋಡುನೋಡುತ್ತಲೇ ತುಂಬಿತು, ವಿಸ್ತರಿಸಿದರು, ಮತ್ತೆ ತುಂಬಿತು. ಎಲ್ಲ ಕೌಂಟಿಗಳಲ್ಲೂ ಇದೇ ಕಥೆ. ಬೇಗ ಸೇರಿಸಿದರೆ ಬೇಗ ಗುಣವಾಗುತ್ತದೆ, ಗುಣವಾದವರು ಮನೆಗೆ ಹೋಗುತ್ತಾರೆ, ಕೌಂಟಿಗೆ ಖರ್ಚು ಉಳಿಯುತ್ತದೆ ಎಂಬುದು 1845ರ ಲೆಕ್ಕಾಚಾರ. ಬಂದವರಲ್ಲಿ ಬಹಳ ಜನ ವಾಪಸು ಹೋಗಲೇ ಇಲ್ಲ. ಇನ್ನೂರು ಮುನ್ನೂರು ರೋಗಿಗಳಿದ್ದರೆ ವೈದ್ಯನಿಗೆ ಹೆಸರುಗಳಾದರೂ ಗೊತ್ತಿರುತ್ತವೆ; ಎರಡು ಸಾವಿರವಾದರೆ ಊಟ, ಬಟ್ಟೆ, ಬೀಗದ ಲೆಕ್ಕ ಇಡುವುದರಲ್ಲೇ ದಿನ ಮುಗಿಯುತ್ತದೆ. ದೊಡ್ಡ ಕಟ್ಟಡ ಬೇಡವೆಂದು ಕಮಿಷನ್ ಪದೇ ಪದೇ ಬರೆಯಿತು. ಕೌಂಟಿ ಮ್ಯಾಜಿಸ್ಟ್ರೇಟರಿಗೆ ಬೇಕಿದ್ದುದು ತಲೆಗೆ ಬೀಳುವ ಖರ್ಚು ತಗ್ಗುವುದು, ದೊಡ್ಡ ಕಟ್ಟಡದಲ್ಲಿ ಅದು ತಗ್ಗುತ್ತಿತ್ತು. 1844ರಲ್ಲಿ ಇಪ್ಪತ್ತು ಸಾವಿರವಿದ್ದ ಸಂಖ್ಯೆ ಶಾಫ್ಟ್ಸ್‌ಬರಿ ಸಾಯುವ ವೇಳೆಗೆ ಎಪ್ಪತ್ತೈದು ಸಾವಿರ ದಾಟಿತ್ತು.

ಶ್ರೀಮಂತರ ಮನೆಗಳದು ಬೇರೆ ತಲೆನೋವು. ಜೇನ್ ಐರ್ ಕಾದಂಬರಿಯಲ್ಲಿ ಅಟ್ಟದ ಮೇಲೆ ಬೀಗ ಹಾಕಿಟ್ಟ ಹೆಂಡತಿಯ ಕಥೆ ಬಂದದ್ದು 1847ರಲ್ಲಿ, ಕಾಯ್ದೆಯಾದ ಎರಡೇ ವರ್ಷಕ್ಕೆ. ದುಡ್ಡು ಪಡೆದು ಒಬ್ಬ ರೋಗಿಯನ್ನು ಮನೆಯಲ್ಲಿಟ್ಟುಕೊಂಡರೆ ಕಮಿಷನ್ನಿಗೆ ತಿಳಿಸಬೇಕಿತ್ತು. ಬಂಧುಗಳೇ ಮನೆಯೊಳಗೆ ಕೂಡಿಹಾಕಿದರೆ ಕೇಳುವವರಿಲ್ಲ. ಇನ್ನು ಹೆಂಡತಿಯ ಬಾಯಿ ಮುಚ್ಚಿಸಲು ಕಾಯ್ದೆಯನ್ನೇ ಬಳಸಿದವರಿದ್ದರು. 1858ರಲ್ಲಿ ಕಾದಂಬರಿಕಾರ, ಆಗ ವಸಾಹತು ಮಂತ್ರಿಯಾಗಿದ್ದ ಬುಲ್ವರ್ ಲಿಟ್ಟನ್ ಚುನಾವಣಾ ವೇದಿಕೆಯಲ್ಲೇ ತನ್ನ ಮಾನ ಕಳೆದ ಹೆಂಡತಿ ರೊಸಿನಾಳನ್ನು ಬ್ರೆಂಟ್‌ಫರ್ಡ್‌ನ ಖಾಸಗಿ ಆಸ್ಪತ್ರೆಗೆ ಹಾಕಿಸಿದ. ಪತ್ರಿಕೆಗಳು ಎದ್ದುಬಿದ್ದು ಕೂಗಾಡಿದ ಮೇಲೆ ಮೂರು ವಾರಕ್ಕೆ ಬಿಡುಗಡೆ. ಕಾಗದಗಳೆಲ್ಲ ಕಾನೂನಿನಂತೆ ಸರಿಯಾಗಿಯೇ ಇದ್ದವು! ಮರುವರ್ಷದ ವಿಚಾರಣಾ ಸಮಿತಿಯ ಮುಂದೆ ಶಾಫ್ಟ್ಸ್‌ಬರಿ ದೂರಿದ್ದು ಖಾಸಗಿ ಆಸ್ಪತ್ರೆಗಳ ಲಾಭಕೋರತನವನ್ನು. ಲಾಭ ಎಂಬುದು ಬಂದೊಡನೆ ಎಲ್ಲವೂ ಕೆಡುತ್ತದೆ ಎಂದ. ಮ್ಯಾಜಿಸ್ಟ್ರೇಟ್ ಬೇಕೆಂಬ ವಾದಕ್ಕೆ ಮಾತ್ರ ಸೊಪ್ಪು ಹಾಕಲಿಲ್ಲ.

ಅವನ ಈ ಬಿಗಿತಕ್ಕೆ ಒಂದು ಮನೆಯ ಕಾರಣವೂ ಇದ್ದಿರಬಹುದು ಎನ್ನಿಸುತ್ತದೆ. ಮಗ ಮೊರಿಸ್‌ಗೆ ಚಿಕ್ಕಂದಿನಿಂದ ಮೂರ್ಛೆರೋಗ. ಅಂಥವರನ್ನು ಹುಚ್ಚಾಸ್ಪತ್ರೆಗೇ ಕಳಿಸುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಎಲ್ಲ ಹುಚ್ಚಾಸ್ಪತ್ರೆಗಳ ಬೀಗದಕೈ ಹಿಡಿದ ಅಪ್ಪ ಮಗನನ್ನು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿಟ್ಟಿದ್ದ. ಹುಡುಗ 1855ರಲ್ಲಿ ಅಲ್ಲೇ ಸತ್ತ. ರೋಗ ಮನೆಯೊಳಗಿದ್ದಾಗ ಮರ್ಯಾದೆಯ ಭಯ ಏನು ಮಾಡಿಸುತ್ತದೆ ಎಂಬುದು ಅವನಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಬಹಿರಂಗ ವಿಚಾರಣೆ ತಂದರೆ ಮನೆಯವರು ರೋಗಿಯನ್ನು ಬಚ್ಚಿಡುತ್ತಾರೆ, ಗುಣವಾಗುವ ಕಾಲ ಮೀರುತ್ತದೆ: ಅವನು ಕೊನೆತನಕ ಪಟ್ಟು ಹಿಡಿದ ವಾದ ಇದೇ. 1877ರಲ್ಲಿ ಇನ್ನೊಂದು ಸಮಿತಿ ಕೂತಾಗ, ತನ್ನ ಹೆಂಡತಿಗೋ ಮಗಳಿಗೋ ಇಂಥ ಕಾಯಿಲೆ ಬಂದರೆ ಖಾಸಗಿ ಆಸ್ಪತ್ರೆಗೇ ಸೇರಿಸುತ್ತೇನೆ ಎಂದುಬಿಟ್ಟ. ಹದಿನೆಂಟು ವರ್ಷದ ಹಿಂದೆ ಲಾಭಕೋರರೆಂದು ಬೈದದ್ದು ಅವರನ್ನೇ. ಆಗ ಅವನಿಗೆ 76.

ಮರುವರ್ಷ ನಡೆದದ್ದು ನಗೆನಾಟಕದಂತಿದೆ. ಜಾರ್ಜೀನಾ ವೆಲ್ಡನ್ ಎಂಬ ಗಾಯಕಿ, ಅನಾಥ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದಳು, ಪ್ರೇತಗಳ ಜೊತೆ ಮಾತಾಡಬಹುದು ಎಂದು ನಂಬಿದ್ದಳು. ಬೇರೆಯಾಗಿದ್ದ ಗಂಡ, ಫೋರ್ಬ್ಸ್ ವಿನ್ಸ್ಲೊ ಎಂಬ ಖಾಸಗಿ ಆಸ್ಪತ್ರೆಯ ವೈದ್ಯನ ಮೊರೆಹೋದ. ಅನಾಥ ಮಕ್ಕಳ ವಿಷಯ ವಿಚಾರಿಸಲು ಬಂದವರೆಂದು ಸುಳ್ಳು ಹೇಳಿ ವೈದ್ಯರು ಮನೆಗೆ ಬಂದು ಪರೀಕ್ಷಿಸಿ ಹೋದರು. ಎತ್ತಿಕೊಂಡು ಹೋಗಲು ಗಾಡಿ ಬಂದಾಗ ಆಕೆ ತಪ್ಪಿಸಿಕೊಂಡು ಓಡಿದಳು. ಏಳು ದಿನ ಅಡಗಿ ಕೂತಳು. ಏಳು ದಿನವಾದ ಮೇಲೆ ಸರ್ಟಿಫಿಕೇಟು ರದ್ದಿ ಕಾಗದ. ಕಾಯ್ದೆಯ ಕಲಮನ್ನೇ ಗುರಾಣಿ ಮಾಡಿಕೊಂಡವಳು ಈಕೆ. 1882ರ ಕಾನೂನಿನಿಂದ ಮದುವೆಯಾದ ಹೆಂಗಸರಿಗೆ ಸ್ವಂತ ಹೆಸರಿನಲ್ಲಿ ದಾವೆ ಹೂಡುವ ಹಕ್ಕು ಬಂದದ್ದೇ ತಡ, 1884ರಲ್ಲಿ ಗಂಡ, ವೈದ್ಯರು ಯಾರನ್ನೂ ಬಿಡದೆ ಕೋರ್ಟಿಗೆಳೆದಳು. ತಾನೇ ವಾದಿಸಿದಳು, ಜನ ಕಿಕ್ಕಿರಿದು ಸೇರಿದರು. ಇಷ್ಟು ಸುಲಭವಾಗಿ ಒಬ್ಬರನ್ನು ಒಳಗೆ ಹಾಕಬಹುದೇ ಎಂದು ನ್ಯಾಯಾಧೀಶ ಹಡಲ್‌ಸ್ಟನ್ ದಿಗ್ಭ್ರಮೆ ತೋರಿಸಿದ.

ಅದರ ಬಿಸಿ ಪಾರ್ಲಿಮೆಂಟಿಗೆ ತಟ್ಟಿತು. 1885ರಲ್ಲಿ ಲಾರ್ಡ್ ಛಾನ್ಸಲರ್ ಸೆಲ್ಬೋರ್ನ್ ಮಸೂದೆ ತಂದ: ಖಾಸಗಿ ರೋಗಿಯನ್ನು ಸೇರಿಸಲು ಇನ್ನು ಮುಂದೆ ಮ್ಯಾಜಿಸ್ಟ್ರೇಟ್ ಅಥವಾ ನ್ಯಾಯಾಧೀಶರ ಆದೇಶ ಬೇಕು. ಪರ್ಸಿವಲ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. 84ರ ಶಾಫ್ಟ್ಸ್‌ಬರಿ ಪ್ರತಿಭಟಿಸಿ, ತಾನು ಐವತ್ತು ವರ್ಷ ಕೂತ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟ. ಜೂನ್‌ನಲ್ಲಿ ಸರ್ಕಾರವೇ ಉರುಳಿತು, ಮಸೂದೆ ಬಿದ್ದುಹೋಯಿತು, ಆತ ರಾಜೀನಾಮೆ ಹಿಂತೆಗೆದುಕೊಂಡ. ಅಕ್ಟೋಬರ್ 1ರಂದು ಫೋಕ್‌ಸ್ಟನ್‌ನಲ್ಲಿ ಸತ್ತಾಗ ಆತ ಲ್ಯೂನಸಿ ಕಮಿಷನ್ನಿನ ಅಧ್ಯಕ್ಷನೇ. ವೆಸ್ಟ್‌ಮಿನ್‌ಸ್ಟರ್ ಆ್ಯಬಿಯಲ್ಲಿ ನಡೆದ ಶವಸಂಸ್ಕಾರದ ಪ್ರಾರ್ಥನೆಗೆ ಹೋಗುವ ದಾರಿಯುದ್ದಕ್ಕೂ ಬಡ ಜನ ಸಾಲುಗಟ್ಟಿ ನಿಂತಿದ್ದರು. ಐದು ವರ್ಷದ ನಂತರ, 1890ರ ಕಾಯ್ದೆಯಲ್ಲಿ, ಅವನು ತಡೆದಿದ್ದ ಆ ಕಲಮು ಜಾರಿಗೆ ಬಂತು.

ಈ ಕಾನೂನುಗಳು ಹಡಗು ಹತ್ತಿ ನಮ್ಮ ಕಡೆಗೂ ಬಂದವು. 1858ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಚ್ಚರ ಕುರಿತು ಒಟ್ಟಿಗೆ ಮೂರು ಕಾಯ್ದೆಗಳಾದವು, ಒಂದು ಆಸ್ಪತ್ರೆಗಳದ್ದು, ಮಿಕ್ಕವು ಆಸ್ತಿಪಾಸ್ತಿಯ ವಿಚಾರಣೆಗೆ ಸಂಬಂಧಿಸಿದವು. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 1840ರ ದಶಕದ ಕೊನೆಗೆ, ಮೈಸೂರಿನ ಬ್ರಿಟಿಷ್ ಕಮಿಷನರ್ ಆಡಳಿತದ ಕಾಲದಲ್ಲಿ ಹುಚ್ಚಾಸ್ಪತ್ರೆ ಶುರುವಾಗಿತ್ತು. 1925ರಲ್ಲಿ ಅದು ಮೈಸೂರು ಸರ್ಕಾರದ ಮೆಂಟಲ್ ಹಾಸ್ಪಿಟಲ್ ಎಂದು ಹೆಸರು ಬದಲಿಸಿಕೊಂಡಿತು. ಅದೇ ಬೆಳೆದು, 1954ರಲ್ಲಿ ಪಕ್ಕದಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. 1912ರ ಇಂಡಿಯನ್ ಲ್ಯೂನಸಿ ಆ್ಯಕ್ಟ್‌ನಲ್ಲಿ ಮ್ಯಾಜಿಸ್ಟ್ರೇಟ್ ಆದೇಶವೂ ಇತ್ತು, ತಿಂಗಳಿಗೊಮ್ಮೆ ಆಸ್ಪತ್ರೆಯ ಮೂಲೆಮೂಲೆಯನ್ನು ನೋಡಬೇಕಾದ ವಿಸಿಟರುಗಳೂ ಇದ್ದರು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದರೂ ನಮಗೆ ಇದ್ದ ಕಾನೂನು ಅದೇ. 1987ರಲ್ಲಿ ಹೊಸ ಕಾಯ್ದೆ ಪಾಸಾಗಿ 1993ರಲ್ಲಿ ಜಾರಿಯಾಯಿತು.

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಲೈಸೆನ್ಸಿಲ್ಲದೆ ನಡೆಯುತ್ತಿದ್ದ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿತ್ತು. ಗುಡಿಸಲಿನಲ್ಲಿ ಸರಪಳಿಗೆ ಕಟ್ಟಿದ್ದ ರೋಗಿಗಳು ಏಳಲಾರದೆ ಸುಟ್ಟುಹೋದರು. ಸತ್ತವರು 28. ಸುಪ್ರೀಂ ಕೋರ್ಟ್ ತಾನಾಗಿ ವಿಷಯ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಮುಂದೆ ತನಗೆ ಕಾಯಿಲೆ ಹೆಚ್ಚಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತಾಡುವವರು ಯಾರು ಎಂದು ಮುಂಚೆಯೇ ಬರೆದಿಡಲು ವ್ಯಕ್ತಿಗೆ ಅವಕಾಶ ಕೊಟ್ಟಿದೆ. ತಕರಾರು ಕೇಳಲು ಪುನರ್ವಿಮರ್ಶಾ ಮಂಡಳಿ ಇರಬೇಕು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧ್ಯಕ್ಷರು, ಜಿಲ್ಲಾಡಳಿತದ ಪ್ರತಿನಿಧಿ, ವೈದ್ಯರು ಇವರ ಜೊತೆಗೆ ಇನ್ನೆರಡು ಕುರ್ಚಿಗಳನ್ನು ಕಾಯ್ದೆ ಬೇರೆಯವರಿಗೆ ಮೀಸಲಿಟ್ಟಿದೆ: ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿದವರು, ಅಂಥವರನ್ನು ಆರೈಕೆ ಮಾಡುವವರು, ಇಲ್ಲವೇ ಅವರ ಸಂಘಗಳ ಪ್ರತಿನಿಧಿಗಳು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಹಲವು ರಾಜ್ಯಗಳಲ್ಲಿ ಮಂಡಳಿಗಳು ರಚನೆಯಾಗಲು ಅಲ್ಲಿಂದಾಚೆಗೂ ವರ್ಷಗಳೇ ಹಿಡಿದವು.